ಜಮೈಕಾದ ರೈಲು: ಭಾರತಕ್ಕಿಂತ ಮೊದಲು ಬಂತು, 1992ರಲ್ಲಿ ನಿಂತಿತು. ಏಕೆ?

ಪ್ರಶ್ನೆ: ಮುಂಬೈ–ಠಾಣೆ ರೈಲಿಗಿಂತ ಎಂಟು ವರ್ಷ ಮೊದಲೇ ಜಮೈಕಾದಲ್ಲಿ ರೈಲು ಓಡಿತ್ತು ಎಂದು ಓದಿದೆ. ಅಷ್ಟು ಬೇಗ ರೈಲು ಕಂಡ ದೇಶದಲ್ಲಿ 1992ರಲ್ಲಿ ಪ್ರಯಾಣಿಕರ ರೈಲು ನಿಂತೇ ಹೋಯಿತಂತೆ. 1957ರಲ್ಲಿ ಸುಮಾರು 200 ಜನ ಸತ್ತ ಕೆಂಡಲ್ ರೈಲು ದುರಂತದ ನಂತರ ಜನರಿಗೆ ರೈಲಿನ ಮೇಲಿನ ನಂಬಿಕೆ ಹೋಯಿತು, ಅದೇ ಕಾರಣ ಎನ್ನುವವರಿದ್ದಾರೆ. ಇದು ನಿಜವೇ? ಆ ರಾತ್ರಿ ಬ್ರೇಕ್ ಏಕೆ ಹಿಡಿಯಲಿಲ್ಲ? ಆ ಹಳಿಗಳ ಮೇಲೆ ಮತ್ತೆ ಜನರನ್ನು ಸಾಗಿಸಲು ಸಾಧ್ಯವೇ?

ಉತ್ತರ: ಕೆಂಡಲ್ ದುರಂತದಿಂದ ಜಮೈಕಾದ ರೈಲು ನಿಲ್ಲಲಿಲ್ಲ. ಅದಾದ ಮೇಲೂ 35 ವರ್ಷ ಪ್ರಯಾಣಿಕರ ಗಾಡಿಗಳು ಓಡಿವೆ. ಕಾರಣ ಹುಡುಕಬೇಕಾದದ್ದು ಆ ಹಳಿಗಳನ್ನು ಯಾವುದಕ್ಕಾಗಿ ಹಾಕಿದರು ಎಂಬಲ್ಲಿ. ಮೊದಲು ಸಕ್ಕರೆ, ಆಮೇಲೆ ಬಾಳೆ, ಕೊನೆಗೆ ಅಲ್ಯುಮಿನಿಯಂನ ಅದಿರಾದ ಬಾಕ್ಸೈಟ್. ಹಳಿಯ ಖರ್ಚನ್ನು ಯಾವುದೋ ಒಂದು ಸರಕು ಹೊರುತ್ತಿದ್ದಷ್ಟು ಕಾಲ ಜನರೂ ಅದರ ಮೇಲೆ ಓಡಾಡಿದರು. ಸರಕು ಕೈಬಿಟ್ಟ ಭಾಗ ಪ್ರಯಾಣಿಕರ ಟಿಕೆಟ್ ಹಣದಿಂದ ಉಳಿಯಲಿಲ್ಲ. ಇಂದಿಗೂ ಜೀವ ಇರುವುದು ಬಾಕ್ಸೈಟ್ ಮತ್ತು ಅದರಿಂದ ತೆಗೆಯುವ ಅಲ್ಯುಮಿನಾ ಪುಡಿ ಸಾಗುವ ಹಳಿಗಳಿಗೆ ಮಾತ್ರ.

ಮೊದಲು ಇಸವಿಯನ್ನು ಸರಿಮಾಡಿಕೊಳ್ಳೋಣ. ಜಮೈಕಾದ ಮೊದಲ ರೈಲು 1845ರ ನವೆಂಬರ್ 21ರಂದು ಶುರುವಾಯಿತು. ಮುಂಬೈ–ಠಾಣೆಯದು 1853ರ ಏಪ್ರಿಲ್ 16. ಅಂತರ ಏಳೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ. ಇದು ಸಾರ್ವಜನಿಕ ಪ್ರಯಾಣಿಕ ರೈಲಿನ ಮಾತು. ಮದ್ರಾಸಿನ ಹತ್ತಿರ ಕಲ್ಲು ಸಾಗಿಸಲು 1837ರಲ್ಲೇ ಹಾಕಿದ್ದ ರೆಡ್ ಹಿಲ್ ಹಳಿ ಈ ಲೆಕ್ಕಕ್ಕೆ ಬರುವುದಿಲ್ಲ. ಕೆರಿಬಿಯನ್ನಿನಲ್ಲೂ ಜಮೈಕಾ ಮೊದಲನೆಯದಲ್ಲ. ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದಲ್ಲಿ 1837ರ ನವೆಂಬರ್ 19ರಂದೇ ಹವಾನಾದಿಂದ ಬೆಹುಕಾಲ್‌ವರೆಗೆ ರೈಲು ಓಡಿತ್ತು. ಸ್ಪೇನ್ ತನ್ನ ನೆಲದಲ್ಲಿ ರೈಲು ಕಂಡದ್ದು 1848ರಲ್ಲಿ. ಆಳುವ ದೇಶಕ್ಕಿಂತ ಮೊದಲು ವಸಾಹತಿಗೆ ರೈಲು ಬಂದದ್ದಕ್ಕೆ ಕಾರಣ ಅಲ್ಲೂ ಸಕ್ಕರೆಯೇ.

ಸಕ್ಕರೆಯ ಕಾಲ

ಜಮೈಕಾದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ 1834ರಲ್ಲಿ ಕೊನೆಗೊಂಡಿತು. ಬಿಡುಗಡೆಯಾದವರನ್ನು ಮತ್ತೂ ತೋಟಕ್ಕೆ ಕಟ್ಟಿಹಾಕಿದ್ದ 'ಅಪ್ರೆಂಟಿಸ್' ವ್ಯವಸ್ಥೆ 1838ರ ಆಗಸ್ಟ್ 1ರಂದು ಮುಗಿಯಿತು. ಬಿಟ್ಟಿ ದುಡಿಮೆ ನಿಂತ ಮೇಲೆ ತೋಟದ ಮಾಲೀಕರು ಎರಡು ಕಡೆ ಕೈಚಾಚಿದರು. ಒಂದು, ಭಾರತದ ಕರಾರು ಕೂಲಿಗಳು: 'ಬ್ಲಂಡೆಲ್ ಹಂಟರ್' ಹಡಗು ಮೊದಲ ತಂಡವನ್ನು 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇಯಲ್ಲಿ ಇಳಿಸಿತು. ಇನ್ನೊಂದು, ಯಂತ್ರ. ಅದೇ ವರ್ಷದ ನವೆಂಬರಿನಲ್ಲಿ ರೈಲು ಬಂತು. ಆಗ ಅಲ್ಲಿ ಗವರ್ನರ್ ಆಗಿದ್ದವರು ಮುಂದೆ ಭಾರತದ ವೈಸ್‌ರಾಯ್ ಆಗಿ 1863ರಲ್ಲಿ ಧರ್ಮಶಾಲಾದಲ್ಲಿ ತೀರಿಕೊಂಡ ಲಾರ್ಡ್ ಎಲ್ಗಿನ್.

ಯೋಜನೆಯ ಹಿಂದಿದ್ದವರು ವಿಲಿಯಂ ಮತ್ತು ಡೇವಿಡ್ ಸ್ಮಿತ್ ಎಂಬ ಸೋದರರು. ಬಂದರು ನಗರ ಕಿಂಗ್‌ಸ್ಟನ್‌ನಿಂದ ಅಂದಿನ ರಾಜಧಾನಿ ಸ್ಪ್ಯಾನಿಷ್ ಟೌನ್‌ಗೆ ಸುಮಾರು 12 ಮೈಲಿ, ಅಲ್ಲಿಂದ ಸ್ವಲ್ಪ ಮುಂದೆ ಏಂಜೆಲ್ಸ್ ಎಂಬಲ್ಲಿಗೆ ಕೊನೆ. ಒಟ್ಟು ಸುಮಾರು 14.5 ಮೈಲಿ. ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜ್, ಇಂಗ್ಲೆಂಡಿನದೇ, 4 ಅಡಿ 8.5 ಇಂಚು, ಅಂದರೆ 1,435 ಮಿ.ಮೀ. ಮುಂದೆ ದೇಶದಲ್ಲಿ ಎಲ್ಲ ಮುಖ್ಯ ಹಳಿಗಳನ್ನೂ ಇದೇ ಅಳತೆಯಲ್ಲಿ ಹಾಕಿದರು. ಬ್ರಾಡ್ ಗೇಜ್, ಮೀಟರ್ ಗೇಜ್ ಎಂದು ನಾವು ಪಟ್ಟ ಪಾಡು, ನಡುದಾರಿಯಲ್ಲಿ ಸರಕನ್ನು ಇಳಿಸಿ ಮತ್ತೊಂದು ವ್ಯಾಗನ್ನಿಗೆ ತುಂಬುವ ಕೆಲಸ, ಜಮೈಕಾಕ್ಕೆ ಬರಲಿಲ್ಲ.

ಆದರೆ ಲೆಕ್ಕ ತಪ್ಪಿತು. ರೈಲು ಶುರುವಾದ ಮರು ವರ್ಷವೇ, 1846ರಲ್ಲಿ, ಬ್ರಿಟಿಷ್ ಸಂಸತ್ತು ಸಕ್ಕರೆ ಸುಂಕದ ಕಾಯ್ದೆ ತಂದಿತು. ವಸಾಹತಿನ ಸಕ್ಕರೆಗೆ ಬ್ರಿಟನ್ನಿನಲ್ಲಿದ್ದ ಸುಂಕದ ರಿಯಾಯಿತಿ ಹಂತ ಹಂತವಾಗಿ ಹೋಯಿತು. ಗುಲಾಮರ ದುಡಿಮೆಯಿಂದ ಅಗ್ಗವಾಗಿದ್ದ ಕ್ಯೂಬಾ, ಬ್ರೆಜಿಲ್ ಸಕ್ಕರೆಯ ಎದುರು ಜಮೈಕಾದ ತೋಟಗಳು ಒಂದೊಂದಾಗಿ ಮುಚ್ಚಿದವು. ತೋಟವೇ ಮುಚ್ಚಿದರೆ ವ್ಯಾಗನ್ನಿಗೆ ಏನು ತುಂಬುವುದು? ಓಲ್ಡ್ ಹಾರ್ಬರ್‌ವರೆಗಿನ ಮುಂದಿನ 11 ಮೈಲಿ ಬರಲು 1869ರವರೆಗೆ, ಅಂದರೆ 24 ವರ್ಷ ಕಾಯಬೇಕಾಯಿತು. ಈ ನಡುವಿನ ಮೌನವನ್ನು ಹೆಚ್ಚಿನ ಬರಹಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಸ್ವಭಾವ ಅಲ್ಲಿಯೇ ಕಾಣುತ್ತದೆ: ಒಂದೇ ಬೆಳೆಯನ್ನು ನಂಬಿದ ಹಳಿ, ಆ ಬೆಳೆ ಕುಸಿದಾಗ ತಾನೂ ಕುಸಿಯಿತು.

1872ರಲ್ಲಿ ರಾಜಧಾನಿಯೂ ಸ್ಪ್ಯಾನಿಷ್ ಟೌನ್‌ನಿಂದ ಕಿಂಗ್‌ಸ್ಟನ್‌ಗೆ ಹೋಯಿತು. ಹೀಗೆ ಮಾಡಿದ ಗವರ್ನರ್ ಜಾನ್ ಪೀಟರ್ ಗ್ರಾಂಟ್, ಅದಕ್ಕೂ ಮೊದಲು ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು. ರೈಲು ನಡೆಸುತ್ತಿದ್ದ ಕಂಪನಿಯಿಂದ ಮುಂದೆ ಸಾಗಲಾರದು ಎಂದಾದಾಗ 1879ರಲ್ಲಿ ಸರ್ಕಾರವೇ ರೈಲನ್ನು ಕೊಂಡುಕೊಂಡಿತು. 1885ರಲ್ಲಿ ಎರಡು ಕವಲು ಸಿದ್ಧವಾದವು. ಪಶ್ಚಿಮಕ್ಕೆ ಓಲ್ಡ್ ಹಾರ್ಬರ್‌ನಿಂದ ಮೇ ಪೆನ್ ಮೂಲಕ ಪೋರಸ್‌ವರೆಗೆ. ಉತ್ತರಕ್ಕೆ ರಿಯೋ ಕೋಬ್ರೆ ನದಿಯ ಕಣಿವೆ ಹಿಡಿದು ಬಾಗ್ ವಾಕ್, ಲಿನ್‌ಸ್ಟೆಡ್ ದಾಟಿ ಎವಾರ್ಟನ್‌ವರೆಗೆ. ಈ ಎವಾರ್ಟನ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಾಳೆಗೊನೆ ಹಾಕಿಸಿದ ಹಳಿ

1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕನ್ ನಾವಿಕ ಜಮೈಕಾದಿಂದ ಬಾಳೆಗೊನೆಗಳನ್ನು ಅಮೆರಿಕಕ್ಕೆ ಒಯ್ದು ಲಾಭ ಕಂಡ. ಅವನ ವ್ಯಾಪಾರ ಬೋಸ್ಟನ್ ಫ್ರೂಟ್ ಕಂಪನಿಯಾಗಿ ಬೆಳೆದು, 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯಲ್ಲಿ ಸೇರಿಹೋಯಿತು. ಈಶಾನ್ಯ ತೀರದ ಪೋರ್ಟ್ ಆಂಟೋನಿಯೊ ಬಾಳೆಯ ಬಂದರಾಯಿತು.

ಬಾಳೆಗೂ ಸಕ್ಕರೆಗೂ ಸಾಗಣೆಯಲ್ಲಿ ಅಜಗಜಾಂತರ. ಪೀಪಾಯಿಗೆ ತುಂಬಿದ ಸಕ್ಕರೆ ಬಂದರಿನಲ್ಲಿ ವಾರಗಟ್ಟಲೆ ಕಾಯಬಲ್ಲದು. ಬಾಳೆ ಹಾಗಲ್ಲ. ಅಂದಿನ ತಳಿ ಗ್ರೋ ಮಿಶೆಲ್. ಮುಕ್ಕಾಲು ಬಲಿತ ಹಸಿರು ಗೊನೆಯನ್ನು, ಹಡಗು ಬರುವ ಸುದ್ದಿ ಖಚಿತವಾದ ಮೇಲೆಯೇ ಕಡಿಯಬೇಕು. ಕಡಿದ ಮೇಲೆ ಒಂದೆರಡು ದಿನದೊಳಗೆ ಹಡಗಿಗೆ ಏರಬೇಕು, ಇಲ್ಲದಿದ್ದರೆ ಸಮುದ್ರದ ನಡುವೆಯೇ ಹಣ್ಣಾಗಿ ಇಡೀ ಹೊರೆ ಕೆಡುತ್ತದೆ. ಗೊನೆಯ ಬೆಲೆ ಚಿಪ್ಪಿನ ಲೆಕ್ಕದಲ್ಲಿ: ಒಂಬತ್ತು ಚಿಪ್ಪು ಇದ್ದರೆ ಪೂರ್ಣ ಗೊನೆ, ಎಂಟು ಅಥವಾ ಏಳಕ್ಕೆ ಇಳಿದರೆ ದರವೂ ಇಳಿಯಿತು. ಬಂಡಿಯಲ್ಲಿ ಕುಲುಕಾಡಿ ಒಂದು ಚಿಪ್ಪು ಕಪ್ಪಾದರೆ ರೈತನಿಗೆ ನೇರ ನಷ್ಟ. ಇಷ್ಟು ಅವಸರದ, ಇಷ್ಟು ನಾಜೂಕಿನ ಸರಕನ್ನು ಬೆಟ್ಟದಿಂದ ತೀರಕ್ಕೆ ಒಂದು ರಾತ್ರಿಯಲ್ಲಿ ತರಲು ಆ ಕಾಲದಲ್ಲಿ ರೈಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈ ಹುರುಪಿನಲ್ಲಿ ಸರ್ಕಾರ 1890ರಲ್ಲಿ ರೈಲನ್ನು ವೆಸ್ಟ್ ಇಂಡಿಯಾ ಇಂಪ್ರೂವ್‌ಮೆಂಟ್ ಎಂಬ ಅಮೆರಿಕನ್ ಕಂಪನಿಗೆ ಮಾರಿತು. ಹೊಸದಾಗಿ ಹಾಕುವ ಪ್ರತಿ ಮೈಲಿ ಹಳಿಗೆ ಒಂದು ಚದರ ಮೈಲಿ ಸರ್ಕಾರಿ ಜಮೀನು ಕೊಡುವುದು ಒಪ್ಪಂದದ ಮುಖ್ಯ ಆಕರ್ಷಣೆ. ಇಂಥ ಒಪ್ಪಂದದಲ್ಲಿ ಬೇಗ ಮೈಲಿ ಮುಗಿಸುವವನಿಗೆ ಲಾಭ, ಒಳ್ಳೆಯ ಹಳಿ ಹಾಕುವವನಿಗಲ್ಲ. ಕಂಪನಿ ಪೋರಸ್‌ನಿಂದ ಮಾಂಟೆಗೊ ಬೇಗೆ 1894ರಲ್ಲಿ, ಬಾಗ್ ವಾಕ್‌ನಿಂದ ಪೋರ್ಟ್ ಆಂಟೋನಿಯೊಗೆ 1896ರಲ್ಲಿ ಹಳಿ ಮುಟ್ಟಿಸಿತು. ಕಿಂಗ್‌ಸ್ಟನ್–ಮಾಂಟೆಗೊ ಬೇ ಒಟ್ಟು ಸುಮಾರು 113 ಮೈಲಿ, 181 ಕಿ.ಮೀ. ಎರಡೂ ದಾರಿ ಬೆಟ್ಟವನ್ನು ಸುತ್ತಿ, ಸುರಂಗಗಳನ್ನು ಕೊರೆದು ಸಾಗುತ್ತವೆ. ಮಾಂಟೆಗೊ ಬೇ ದಾರಿಯಲ್ಲಿ ಗ್ರೀನ್‌ವೇಲ್ ಹತ್ತಿರದ ಎತ್ತರ ಸುಮಾರು 500 ಮೀಟರ್. ಬೆಟ್ಟದ ಭಾಗದ ಇಳಿಜಾರು 1:30ರವರೆಗೆ ಇದೆ, ಅಂದರೆ 30 ಮೀಟರ್ ಸಾಗಿದರೆ 1 ಮೀಟರ್ ಏರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯದು 1:50, ಕ್ಯಾಸಲ್ ರಾಕ್‌ನಿಂದ ಗೋವಾಕ್ಕೆ ಇಳಿಯುವ ಬ್ರಗಾಂಜಾ ಘಾಟಿಯದು 1:37. ಈ ಎರಡನ್ನೂ ಕಂಡವರಿಗೆ 1:30 ಎಂದರೆ ಎಷ್ಟು ಕಡಿದು ಎಂದು ಬಿಡಿಸಿ ಹೇಳಬೇಕಿಲ್ಲ.

ಕಡಿದಾದ ಹಳಿ ಹಾಕಲು ಅಗ್ಗ, ಓಡಿಸಲು ದುಬಾರಿ. ಎಂಜಿನ್ ಎಳೆಯುವ ಭಾರ ಕಡಿಮೆಯಾಗುತ್ತದೆ, ಕಲ್ಲಿದ್ದಲು ಹೆಚ್ಚು ಸುಡುತ್ತದೆ, ತಿರುವಿನಲ್ಲಿ ಹಳಿಯೂ ಚಕ್ರವೂ ಬೇಗ ಸವೆಯುತ್ತವೆ. ಕಂಪನಿ ಬಾಂಡ್‌ಗಳ ಬಡ್ಡಿ ಕಟ್ಟಲಾರದೆ ಕೈಚೆಲ್ಲಿತು. 1900ರಲ್ಲಿ ರೈಲು ಮತ್ತೆ ಸರ್ಕಾರದ ಪಾಲಿಗೆ ಬಂತು. ಆಮೇಲೆ ಮೇ ಪೆನ್‌ನಿಂದ ಚಾಪಲ್‌ಟನ್‌ಗೆ 1913ರಲ್ಲಿ, ಅಲ್ಲಿಂದ ಫ್ರಾಂಕ್‌ಫೀಲ್ಡ್‌ಗೆ 1925ರಲ್ಲಿ ಒಂದು ಕವಲು ಬೆಳೆಯಿತು. ಜಾಲ ಅತಿ ಹೆಚ್ಚು ಹರಡಿದಾಗ ಸುಮಾರು 330 ಕಿ.ಮೀ. ಇತ್ತು.

ಬಾಳೆಗೂ ಕಾಲ ಕೆಟ್ಟಿತು. ಪನಾಮಾ ರೋಗ ಮಣ್ಣಿನ ಮೂಲಕ ಹಬ್ಬಿ ಗ್ರೋ ಮಿಶೆಲ್ ತೋಟಗಳನ್ನು ತಿಂದಿತು. 1930ರ ದಶಕದಲ್ಲಿ ಎಲೆಚುಕ್ಕೆ ರೋಗ ಸೇರಿಕೊಂಡಿತು. 1944 ಮತ್ತು 1951ರ ಚಂಡಮಾರುತಗಳು ಉಳಿದದ್ದನ್ನು ಮಲಗಿಸಿದವು. ಅಷ್ಟರಲ್ಲಿ ಲಾರಿ ಬಂದಿತ್ತು. ತೋಟದ ಬಾಗಿಲಿನಲ್ಲೇ ಗೊನೆ ಏರಿಸಿ ಬಂದರಿನಲ್ಲಿ ಇಳಿಸುವ ಲಾರಿಯ ಎದುರು, ತೋಟದಿಂದ ನಿಲ್ದಾಣಕ್ಕೆ ಒಮ್ಮೆ, ನಿಲ್ದಾಣದಿಂದ ಹಡಗಿಗೆ ಇನ್ನೊಮ್ಮೆ ಕೈ ಬದಲಿಸಬೇಕಾದ ರೈಲು ನಿಲ್ಲಲಾರದಾಯಿತು. ಪ್ರತಿ ಕೈ ಬದಲಾವಣೆಯೂ ಒಂದಷ್ಟು ಹಣ್ಣು ಜಜ್ಜುತ್ತದೆ. ಬಾಳೆಗಾಗಿ ಹುಟ್ಟಿದ ಪೋರ್ಟ್ ಆಂಟೋನಿಯೊ ಮತ್ತು ಫ್ರಾಂಕ್‌ಫೀಲ್ಡ್ ದಾರಿಗಳು 1992ಕ್ಕೂ ಎಷ್ಟೋ ಮೊದಲೇ ಮುಚ್ಚಿಹೋದದ್ದು ಇದರಿಂದಲೇ.

ಕೆಂಡಲ್: ಬ್ರೇಕ್ ಏಕೆ ಹಿಡಿಯಲಿಲ್ಲ?

1957ರ ಸೆಪ್ಟೆಂಬರ್ 1, ಭಾನುವಾರ. ಕಿಂಗ್‌ಸ್ಟನ್‌ನ ಸೇಂಟ್ ಆನ್ಸ್ ಕ್ಯಾಥೊಲಿಕ್ ಚರ್ಚಿನ ಸಂಘವೊಂದು ಏರ್ಪಡಿಸಿದ್ದ ಪ್ರವಾಸದ ರೈಲು ಮಾಂಟೆಗೊ ಬೇಗೆ ಹೋಗಿ ರಾತ್ರಿ ಮರಳುತ್ತಿತ್ತು. ಡೀಸೆಲ್ ಎಂಜಿನ್ನುಗಳು, ಹಿಂದೆ 12 ಮರದ ಬೋಗಿಗಳು, ಸುಮಾರು 1,600 ಜನ. ಮ್ಯಾಂಚೆಸ್ಟರ್ ಜಿಲ್ಲೆಯ ಕೆಂಡಲ್ ಹತ್ತಿರದ ಇಳಿಜಾರಿನಲ್ಲಿ ವೇಗ ಹತೋಟಿ ತಪ್ಪಿ ಬೋಗಿಗಳು ಹಳಿ ಬಿಟ್ಟು ಉರುಳಿದವು. ಸುಮಾರು 200 ಮಂದಿ ಸತ್ತರು, 700ರಷ್ಟು ಮಂದಿ ಗಾಯಗೊಂಡರು. ಗುರುತು ಸಿಗದ ಶವಗಳನ್ನು ಹಳಿಯ ಪಕ್ಕದಲ್ಲೇ ಒಟ್ಟಿಗೆ ಹೂಳಬೇಕಾಯಿತು. ತನಿಖೆ ಬೊಟ್ಟುಮಾಡಿದ್ದು ಬ್ರೇಕ್ ಪೈಪಿನ ಮುಚ್ಚಿದ ಆಂಗಲ್ ಕಾಕ್ ಕಡೆಗೆ.

ಆಂಗಲ್ ಕಾಕ್ ಎಂದರೆ ಪ್ರತಿ ಬೋಗಿಯ ಎರಡೂ ತುದಿಯಲ್ಲಿ, ರಬ್ಬರ್ ಹೋಸ್ ಶುರುವಾಗುವ ಜಾಗದಲ್ಲಿ ಇರುವ ಹಿಡಿಯುಳ್ಳ ನಲ್ಲಿ. ಬೋಗಿ ಬೇರ್ಪಡಿಸುವಾಗ ಗಾಳಿ ಹೊರಗೆ ಹೋಗದಂತೆ ಅದನ್ನು ಮುಚ್ಚುತ್ತಾರೆ. ಜೋಡಿಸಿದ ಮೇಲೆ ತೆರೆಯಬೇಕು. ಏರ್ ಬ್ರೇಕ್ ಕೆಲಸ ಮಾಡುವ ರೀತಿ ಮೊದಲ ಸಲ ಕೇಳುವವರಿಗೆ ತಿರುವುಮುರುವು ಎನಿಸುತ್ತದೆ. ಪೈಪಿನಲ್ಲಿ ಗಾಳಿ ಇದ್ದರೆ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಇಳಿದರೆ ಬ್ರೇಕ್ ಹಿಡಿಯುತ್ತದೆ. ಪ್ರತಿ ಬೋಗಿಯ ಕೆಳಗೂ ತನ್ನದೇ ಗಾಳಿಯ ಟ್ಯಾಂಕ್ ಇರುತ್ತದೆ. ಪೈಪಿನ ಒತ್ತಡ ಇಳಿದ ಕ್ಷಣ ವಾಲ್ವ್ ಒಂದು ಆ ಟ್ಯಾಂಕಿನ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಟ್ಟು, ಪಿಸ್ಟನ್ ಮುಂದೆ ಬಂದು, ಬ್ರೇಕ್ ಬ್ಲಾಕ್ ಚಕ್ರಕ್ಕೆ ಒತ್ತುತ್ತದೆ. ಭಾರತದ ರೈಲುಗಳಲ್ಲಿ ಬ್ರೇಕ್ ಪೈಪಿನ ಒತ್ತಡ ಚದರ ಸೆಂ.ಮೀ.ಗೆ 5 ಕಿಲೋ. ಹೋಸ್ ಕಿತ್ತುಹೋದರೆ ಅಥವಾ ಗಾಡಿ ಎರಡು ತುಂಡಾದರೆ ಗಾಳಿ ಪೂರ್ತಿ ಸೋರಿ ಬ್ರೇಕ್ ತಾನಾಗಿ ಹಿಡಿಯುತ್ತದೆ. ಈ ವ್ಯವಸ್ಥೆಯ ದೊಡ್ಡ ಗುಣ ಅದು.

ಆದರೆ ಮುಚ್ಚಿದ ಕಾಕ್ ಮಾತ್ರ ಈ ಗುಣಕ್ಕೆ ಸಿಕ್ಕುವುದಿಲ್ಲ. ಮೂರನೇ ಬೋಗಿಯ ಹಿಂದೆ ಕಾಕ್ ಮುಚ್ಚಿದೆ ಎಂದಿಟ್ಟುಕೊಳ್ಳಿ (ಕೆಂಡಲ್‌ನಲ್ಲಿ ಅದು ಮೂರನೆಯದೇ ಆಗಿತ್ತು ಎಂದಲ್ಲ, ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ). ಚಾಲಕನ ಮುಂದಿನ ಗೇಜಿನಲ್ಲಿ (ಗಾಳಿಯ ಒತ್ತಡ ತೋರಿಸುವ ಮಾಪಕ) ಒತ್ತಡ ಸರಿಯಾಗೇ ಕಾಣುತ್ತದೆ. ಬ್ರೇಕ್ ಹಾಕಿದರೆ ಮುಂದಿನ ಮೂರು ಬೋಗಿಯ ಪೈಪಿನ ಗಾಳಿ ಮಾತ್ರ ಹೊರಬರುತ್ತದೆ. ಹಿಂದಿನ ಒಂಬತ್ತರ ಪೈಪಿನಲ್ಲಿ ಗಾಳಿ ಹಾಗೇ ಉಳಿದಿರುವುದರಿಂದ ಅವುಗಳ ವಾಲ್ವ್‌ಗಳಿಗೆ ಬ್ರೇಕ್ ಹಾಕಿದ ಸುದ್ದಿಯೇ ತಲುಪುವುದಿಲ್ಲ. ಸಮತಟ್ಟಿನಲ್ಲಿ ಓಡುವಾಗ ಇದು ಗೊತ್ತಾಗುವುದೂ ಕಷ್ಟ. ಗಾಡಿ ಸ್ವಲ್ಪ ತಡವಾಗಿ ನಿಂತಿತು ಎನಿಸುತ್ತದೆ, ಅಷ್ಟೆ.

ಇಳಿಜಾರಿನಲ್ಲಿ ಏನಾಗುತ್ತದೆ ನೋಡಿ. 1:30ರ ಇಳಿಜಾರಿನಲ್ಲಿ 30 ಟನ್ ತೂಕದ ಬೋಗಿಯನ್ನು ಕೆಳಕ್ಕೆ ಎಳೆಯುವ ಬಲ 1 ಟನ್. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗಿನ ಸಹಜ ತಡೆ ಟನ್ನಿಗೆ 2–3 ಕಿಲೋ, ಅಂದರೆ ಇಡೀ ಬೋಗಿಗೆ 100 ಕಿಲೋ ಕೂಡ ಇಲ್ಲ. ಹೀಗಾಗಿ ಬ್ರೇಕ್ ಇಲ್ಲದ ಗಾಡಿಯ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ 1 ಕಿ.ಮೀ.ನಷ್ಟು ಏರುತ್ತದೆ. ಗಂಟೆಗೆ 25 ಕಿ.ಮೀ.ನಲ್ಲಿ ಇಳಿಯಲು ತೊಡಗಿದ ಗಾಡಿ ಒಂದು ನಿಮಿಷಕ್ಕೆ 80 ಮೀರುತ್ತದೆ. ಹನ್ನೆರಡರಲ್ಲಿ ಮೂರು ಬೋಗಿ ತಮ್ಮ ಪೂರ್ತಿ ಶಕ್ತಿಯಿಂದ ಬ್ರೇಕ್ ಹಿಡಿದರೂ, ಆ ತಡೆ ಇಡೀ ಗಾಡಿಯ ತೂಕಕ್ಕೆ ಹಂಚಿಹೋಗಿ ಇಳಿಜಾರಿನ ಎಳೆತಕ್ಕಿಂತ ಕಡಿಮೆಯೇ ಆಗುತ್ತದೆ. ವೇಗ ಇಳಿಯುವುದಿಲ್ಲ, ಏರುವುದು ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಬ್ಲಾಕುಗಳು ಕಾದಷ್ಟೂ ಹಿಡಿತ ಇನ್ನೂ ಸಡಿಲ.

ಇದರ ಮೇಲೆ ಜನಭಾರ. 1,600 ಜನರನ್ನು ತಲಾ 60 ಕಿಲೋ ಎಂದರೂ 96 ಟನ್, ಬೋಗಿಗೆ 8 ಟನ್. ಬ್ರೇಕ್ ಸಿಲಿಂಡರ್ ಒತ್ತುವ ಬಲ ಮಾತ್ರ ಖಾಲಿ ಬೋಗಿಗೂ ತುಂಬಿದ ಬೋಗಿಗೂ ಅಷ್ಟೇ. ಹಳಿ ಬಿಟ್ಟ ಮೇಲೆ ಮರದ ಬೋಗಿಗಳು ಒಳಗಿನವರನ್ನು ಕಾಯಲಿಲ್ಲ. ಮರದ ಚೌಕಟ್ಟು ಬಗ್ಗುವುದಿಲ್ಲ, ಸೀಳುತ್ತದೆ, ಸೀಳಿದ ಹಲಗೆಗಳೇ ಈಟಿಗಳಾಗುತ್ತವೆ. ಸಾವಿನ ಸಂಖ್ಯೆ ಅಷ್ಟು ಏರಿದ್ದರಲ್ಲಿ ಇದರ ಪಾಲು ದೊಡ್ಡದು.

ಮುಚ್ಚಿದ ಕಾಕ್ ಕಂಡುಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ, ಐದು ಹತ್ತು ನಿಮಿಷ ಸಾಕು. ಎಂಜಿನ್ ಜೋಡಿಸಿದಾಗ, ಬದಲಿಸಿದಾಗ, ಯಾವುದೇ ಬೋಗಿ ತೆಗೆದಾಗ ಅಥವಾ ಸೇರಿಸಿದಾಗ ಪೈಪಿಗೆ ಪೂರ್ತಿ ಗಾಳಿ ತುಂಬಬೇಕು. ಕೊನೆಯ ಗಾಡಿಯ ಗೇಜಿನಲ್ಲಿ ಒತ್ತಡ ಬಂದಿದೆಯೇ ಎಂದು ಗಾರ್ಡ್ ನೋಡಬೇಕು. ಇಷ್ಟಕ್ಕೇ ನಿಲ್ಲಿಸಿದರೆ ತಪ್ಪಾಗುತ್ತದೆ, ಏಕೆಂದರೆ ಗಾಳಿ ತುಂಬಿದ ಮೇಲೆ ಯಾರಾದರೂ ನಡುವೆ ಕಾಕ್ ಮುಚ್ಚಿದ್ದರೆ ಕೊನೆಯ ಗೇಜು ಆಗಲೂ ಕೆಲ ಹೊತ್ತು ಸರಿಯಾಗೇ ತೋರಿಸುತ್ತದೆ. ಆದ್ದರಿಂದ ಚಾಲಕ ಎಂಜಿನ್ನಿನಿಂದ ಒತ್ತಡ ಇಳಿಸಬೇಕು, ಕೊನೆಯ ಗಾಡಿಯ ಗೇಜಿನ ಮುಳ್ಳೂ ಇಳಿಯಿತೇ, ಅಲ್ಲಿನ ಪಿಸ್ಟನ್ ಹೊರಬಂತೇ ಎಂದು ಕಣ್ಣಾರೆ ನೋಡಬೇಕು. ಬ್ರೇಕ್ ಬಿಟ್ಟಾಗ ಅದು ಒಳಗೆ ಹೋಯಿತೇ ಎಂದೂ ನೋಡಬೇಕು. ಘಾಟಿ ಇಳಿಯುವ ಮೊದಲು ನಿಂತು ಇದನ್ನು ಮತ್ತೊಮ್ಮೆ ಮಾಡಬೇಕು. ಇಳಿಯಲು ತೊಡಗಿದ ಮೇಲೆ ಚಾಲಕನಿಗೆ ಅನುಮಾನ ಬಂದರೆ ಉಳಿಯುವ ದಾರಿ ಒಂದೇ: ಸೀಟಿ ಹಾಕಿ ಗಾರ್ಡ್‌ಗೆ ಸೂಚಿಸುವುದು. ಗಾರ್ಡ್ ಹಿಂದಿನಿಂದ ತನ್ನ ವಾಲ್ವ್ ತೆರೆದರೆ ಕಾಕಿನ ಆಚೆಗಿನ ಬೋಗಿಗಳೆಲ್ಲ ಬ್ರೇಕ್ ಹಿಡಿಯುತ್ತವೆ. ಅದಕ್ಕೂ ಗಾರ್ಡ್ ತನ್ನ ಜಾಗದಲ್ಲಿರಬೇಕು, ಸೀಟಿ ಅವನ ಕಿವಿಗೆ ಬೀಳಬೇಕು, ಅದೂ ಮೊದಲ ಅರ್ಧ ನಿಮಿಷದಲ್ಲಿ.

ಇದು ಆ ದಾರಿಯ ಮೊದಲ ದುರಂತವೂ ಅಲ್ಲ. 1938ರ ಜುಲೈ 30ರಂದು ಇದೇ ದಾರಿಯ ಬಾಲಾಕ್ಲಾವಾ ಹತ್ತಿರ ರೈಲು ಹಳಿ ತಪ್ಪಿ 32 ಜನ ಸತ್ತಿದ್ದರು.

ಬಾಕ್ಸೈಟ್ ಕೊಟ್ಟ ಜೀವ

ಕೆಂಡಲ್ ಆದ ಮೂರು ವರ್ಷಕ್ಕೆ, 1960ರಲ್ಲಿ, ರೈಲನ್ನು ನಡೆಸಲು ಜಮೈಕಾ ರೈಲ್ವೆ ಕಾರ್ಪೊರೇಷನ್ ಸ್ಥಾಪನೆಯಾಯಿತು. ಡೀಸೆಲ್ ರೈಲ್‌ಕಾರುಗಳು ಬಂದವು, ಜನ ಹತ್ತಿದರು. ಪ್ರವಾಸಿಗರಿಗಾಗಿ ಮಾಂಟೆಗೊ ಬೇಯಿಂದ ಆಪಲ್‌ಟನ್ ರಮ್ ಕಾರ್ಖಾನೆಗೆ ಹೋಗುವ ಗಾಡಿಗಳಿದ್ದವು. ನಡುವೆ ಕ್ಯಾಟಡುಪಾ ನಿಲ್ದಾಣದಲ್ಲಿ ಊರಿನ ಹೊಲಿಗೆಯ ಹೆಂಗಸರು ಬಟ್ಟೆ ಹರಡಿಕೊಂಡು ಕೂರುತ್ತಿದ್ದರು. ಪ್ರವಾಸಿಗರು ಬಟ್ಟೆ ಆರಿಸಿ, ಅಳತೆ ಕೊಟ್ಟು ಮುಂದೆ ಹೋಗುವರು. ಸಂಜೆ ಅದೇ ಗಾಡಿಯಲ್ಲಿ ಮರಳುವಾಗ ಅಂಗಿ, ಲಂಗ ಹೊಲಿದು ಸಿದ್ಧ. ರೈಲಿನ ವೇಳೆಯನ್ನು ನಂಬಿ ಒಂದು ಊರು ಕಟ್ಟಿಕೊಂಡಿದ್ದ ಈ ದುಡಿಮೆ ರೈಲಿನೊಂದಿಗೇ ಹೋಯಿತು. ಅದು ನನಗೆ ಈ ಇತಿಹಾಸದ ಅತ್ಯಂತ ನೋವಿನ ಸಂಗತಿಗಳಲ್ಲಿ ಒಂದು.

ಆದರೆ ರೈಲಿನ ನಿಜವಾದ ಆಧಾರ ಆಗ ಬಾಕ್ಸೈಟ್. 1952ರಲ್ಲಿ ರಫ್ತು ಶುರುವಾಗಿ, ಅದೇ ದಶಕದ ಕೊನೆಯ ಹೊತ್ತಿಗೆ ಜಮೈಕಾ ಬಾಕ್ಸೈಟ್ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಮುಂದಿತ್ತು. ಕೆನಡಾದ ಆಲ್ಕಾನ್ ಕಂಪನಿ ಮ್ಯಾಂಚೆಸ್ಟರ್ ಜಿಲ್ಲೆಯ ಕರ್ಕ್‌ವೈನ್‌ನಲ್ಲೂ ಎವಾರ್ಟನ್‌ನಲ್ಲೂ ಅಲ್ಯುಮಿನಾ ಕಾರ್ಖಾನೆ ಕಟ್ಟಿತು. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆ ಹಿಂಡಾಲ್ಕೊಗೆ ಸೇರುವ ಮೊದಲು ಇಂಡಾಲ್ ಕೈಯಲ್ಲಿದ್ದಾಗ, ಅದರ ಹಿಂದಿದ್ದದ್ದೂ ಇದೇ ಆಲ್ಕಾನ್. ಸುಮಾರು 4 ಟನ್ ಬಾಕ್ಸೈಟಿಗೆ 2 ಟನ್ ಅಲ್ಯುಮಿನಾ ಪುಡಿ, ಅದರಿಂದ 1 ಟನ್ ಅಲ್ಯುಮಿನಿಯಂ. ಒಳನಾಡಿನಲ್ಲೇ ಅಲ್ಯುಮಿನಾ ಮಾಡಿ ಕಳಿಸಿದರೆ ಬಂದರಿಗೆ ಸಾಗಿಸುವ ಭಾರ ಅರ್ಧಕ್ಕೆ ಇಳಿಯುತ್ತದೆ. ಗಾಡಿಗಳು ದಕ್ಷಿಣ ತೀರದ ಪೋರ್ಟ್ ಎಸ್ಕಿವೆಲ್‌ಗೆ ಅಲ್ಯುಮಿನಾ ಒಯ್ದು, ಬರುವಾಗ ಕಾಸ್ಟಿಕ್ ಸೋಡಾ, ತೈಲ ತುಂಬಿಕೊಂಡು ಬರುತ್ತವೆ. ಎರಡೂ ದಿಕ್ಕಿಗೆ ಹೊರೆ, ವರ್ಷವಿಡೀ ಒಂದೇ ಪ್ರಮಾಣ: ರೈಲಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಇಲ್ಲ. ಉತ್ತರದ ಡಿಸ್ಕವರಿ ಬೇಗೆ ಬಾಕ್ಸೈಟ್ ಒಯ್ಯುವ ಹಳಿ, ನೈನ್ ಎಂಬ ಊರಿನ ಅಲ್ಯುಮಿನಾ ಕಾರ್ಖಾನೆಯಿಂದ ಪೋರ್ಟ್ ಕೈಸರ್‌ಗೆ ಹೋಗುವ ಹಳಿ, ಇವು ಗಣಿ ಕಂಪನಿಗಳ ಸ್ವಂತದ್ದು, ಮುಖ್ಯ ಜಾಲಕ್ಕೆ ಸೇರಿಲ್ಲ.

ಪ್ರಯಾಣಿಕರ ಲೆಕ್ಕ ಇದಕ್ಕೆ ತದ್ವಿರುದ್ಧ. 1890ರ ದಶಕದ ಹಳಿ ಸುತ್ತಿ ಸುತ್ತಿ ಹೋಗುತ್ತದೆ, ರಸ್ತೆ ನೇರ ಹೋಗುತ್ತದೆ. ಮ್ಯಾಂಡೆವಿಲ್‌ನಂಥ ದೊಡ್ಡ ಪಟ್ಟಣ ಗುಡ್ಡದ ಮೇಲಿದ್ದು, ಅದರ ನಿಲ್ದಾಣ ಕೆಳಗೆ ವಿಲಿಯಮ್ಸ್‌ಫೀಲ್ಡ್‌ನಲ್ಲಿತ್ತು. ಓಚೊ ರಿಯೋಸ್, ನೆಗ್ರಿಲ್‌ನಂಥ ಪ್ರವಾಸಿ ತಾಣಗಳಿಗೆ ರೈಲು ಎಂದೂ ಹೋಗಲಿಲ್ಲ.  ಮಿನಿಬಸ್ಸುಗಳು ಮನೆಬಾಗಿಲಿಗೆ ಬಂದವು. 1980ರ ದಶಕದಲ್ಲಿ ದೇಶ ಸಾಲದಲ್ಲಿ ಮುಳುಗಿ ಸರ್ಕಾರದ ಖರ್ಚು ಕಡಿತವಾಯಿತು, 1988ರ ಸೆಪ್ಟೆಂಬರಿನಲ್ಲಿ ಗಿಲ್ಬರ್ಟ್ ಚಂಡಮಾರುತ ಇಡೀ ದ್ವೀಪದ ಉದ್ದಕ್ಕೂ ಹಾದುಹೋಯಿತು. 1992ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಸೇವೆ ನಿಂತಾಗ ಉಳಿದಿದ್ದದ್ದು ಕಿಂಗ್‌ಸ್ಟನ್–ಮಾಂಟೆಗೊ ಬೇ ಮತ್ತು ಎವಾರ್ಟನ್ ಕವಲು, ಸೇರಿ ಸುಮಾರು 207 ಕಿ.ಮೀ. ಅಲ್ಯುಮಿನಾ ಗಾಡಿಗಳು ಕಾರ್ಪೊರೇಷನ್ನಿಗೆ ಹಳಿ ಬಳಕೆಯ ಶುಲ್ಕ ಕಟ್ಟಿ ಓಡಾಟ ಮುಂದುವರಿಸಿದವು. ಅಲ್ಲೂ ಭದ್ರತೆ ಇಲ್ಲ: 2009ರಲ್ಲಿ ಲೋಹದ ಬೆಲೆ ಬಿದ್ದಾಗ ಕರ್ಕ್‌ವೈನ್, ಎವಾರ್ಟನ್ ಎರಡೂ ಕಾರ್ಖಾನೆ ಮುಚ್ಚಿದವು, ಮರುವರ್ಷ ತೆರೆದದ್ದು ಎವಾರ್ಟನ್ ಮಾತ್ರ.

ಮತ್ತೆ ಓಡಿಸಲು ಏನು ಬೇಕು?

2011ರಲ್ಲಿ ಲಿನ್‌ಸ್ಟೆಡ್ ಮತ್ತು ಸ್ಪ್ಯಾನಿಷ್ ಟೌನ್ ನಡುವೆ ಪ್ರಯಾಣಿಕರ ಗಾಡಿ ಪ್ರಯೋಗಕ್ಕೆ ಓಡಿತು, 2012ರಲ್ಲಿ ನಿಂತಿತು. ಅದನ್ನು ಓಡಿಸಲು ಸಾಧ್ಯವಾದದ್ದೇ ಆ ಭಾಗದ ಹಳಿಯನ್ನು ಎವಾರ್ಟನ್‌ನ ಅಲ್ಯುಮಿನಾ ಉಳಿಸಿಕೊಂಡು ಬಂದಿದ್ದರಿಂದ.

ಕಿಂಗ್‌ಸ್ಟನ್‌ನಿಂದ ಮಾಂಟೆಗೊ ಬೇವರೆಗೆ ಪೂರ್ತಿ ಹೊಸ ಹಳಿ ಎಂದರೆ ಲೆಕ್ಕ ಹೀಗೆ. ಹಳಿಯ ಅಡಿಗೆ ಅಡ್ಡಲಾಗಿ ಇಡುವ ಸ್ಲೀಪರ್ ದಿಮ್ಮಿಗಳನ್ನು ಕಿ.ಮೀ.ಗೆ 1,600 ಎಂದು ಹಿಡಿದರೆ 181 ಕಿ.ಮೀ.ಗೆ ಸುಮಾರು 2.9 ಲಕ್ಷ. ಮೀಟರಿಗೆ 50 ಕಿಲೋ ತೂಗುವ ಹಳಿ ಎರಡು ಸಾಲು ಎಂದರೆ ಕಿ.ಮೀ.ಗೆ 100 ಟನ್, ಒಟ್ಟು 18,100 ಟನ್ ಉಕ್ಕು. ಜಲ್ಲಿ ಕಿ.ಮೀ.ಗೆ 1,500 ಘನ ಮೀಟರ್ ಎಂದರೂ 2.7 ಲಕ್ಷ ಘನ ಮೀಟರ್. ಇವೆಲ್ಲ ಹಣ ಕೊಟ್ಟರೆ ಸಿಗುವ ವಸ್ತುಗಳು. ಹೆಚ್ಚು ಕಷ್ಟದ್ದು ನೀರು. ಪಶ್ಚಿಮದ ಕಾಕ್‌ಪಿಟ್ ಕಂಟ್ರಿ ಎಂಬ ಗುಡ್ಡಗಾಡಿನ ಸುತ್ತಲಿನ ನೆಲ ಸುಣ್ಣಕಲ್ಲಿನದು, ಮಳೆನೀರು ಹಳ್ಳ ಹಿಡಿದು ಹರಿಯುವುದಕ್ಕಿಂತ ನೆಲದ ಬಿಲಗಳಲ್ಲಿ ಇಳಿದುಹೋಗುವುದೇ ಹೆಚ್ಚು. ಬಿಲ ಕಟ್ಟಿಕೊಂಡರೆ ಬಯಲು ಕೆರೆಯಾಗುತ್ತದೆ. 1979ರ ಜೂನ್ ಮಳೆಯಲ್ಲಿ ನ್ಯೂಮಾರ್ಕೆಟ್ ಪಟ್ಟಣ ತಿಂಗಳುಗಟ್ಟಲೆ ನೀರಿನಲ್ಲಿ ನಿಂತದ್ದು ಹೀಗೆಯೇ. ಇಂಥ ನೆಲದಲ್ಲಿ ಮೋರಿಗಳನ್ನು ಪ್ರತಿ ಮಳೆಗಾಲಕ್ಕೆ ಮೊದಲು ಬಿಡಿಸದಿದ್ದರೆ ಒಡ್ಡು ಒಳಗಿನಿಂದ ಕರಗುತ್ತದೆ, ಮೇಲೆ ಹಳಿ ನೆಟ್ಟಗೇ ಕಾಣುತ್ತಿರುತ್ತದೆ. ಇಷ್ಟೆಲ್ಲ ಮಾಡಿದರೂ 1:30ರ ಏರು ಅಲ್ಲೇ ಇರುತ್ತದೆ, ಮತ್ತು ಮೇ ಪೆನ್‌ನಿಂದ ವಿಲಿಯಮ್ಸ್‌ಫೀಲ್ಡ್‌ವರೆಗೆ 2023ರಲ್ಲಿ ಹೆದ್ದಾರಿಯೂ ತೆರೆದಿದೆ. ಬೆಟ್ಟದ ಭಾಗಕ್ಕೆ ಪ್ರಯಾಣಿಕರ ನಿತ್ಯ ರೈಲು ಮರಳುವುದನ್ನು ನಾನು ನಿರೀಕ್ಷಿಸುವುದಿಲ್ಲ.

ನಿರೀಕ್ಷೆ ಇಡಬಹುದಾದದ್ದು ಬಯಲಿನ ಭಾಗದ ಮೇಲೆ: ಕಿಂಗ್‌ಸ್ಟನ್, ಪೋರ್ಟ್‌ಮೋರ್ ಅಂಚಿನ ಗ್ರೆಗರಿ ಪಾರ್ಕ್, ಸ್ಪ್ಯಾನಿಷ್ ಟೌನ್, ಓಲ್ಡ್ ಹಾರ್ಬರ್, ಮೇ ಪೆನ್. ದಿನವೂ ಕಿಂಗ್‌ಸ್ಟನ್‌ಗೆ ಕೆಲಸಕ್ಕೆ ಬರುವ ಜನ ಇರುವುದು ಇಲ್ಲೇ, ಏರಿಳಿತವೂ ಕಡಿಮೆ. ಹಳಿ ಒಂದೇ ಸಾಲು ಇದ್ದರೂ 10 ಕಿ.ಮೀ.ಗೊಂದು ಕ್ರಾಸಿಂಗ್ ನಿಲ್ದಾಣ ಕಟ್ಟಿದರೆ, ಸರಾಸರಿ 40 ಕಿ.ಮೀ. ವೇಗದಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ 15 ನಿಮಿಷ. ಎದುರುಗಾಡಿಗೆ ದಾರಿ ಬಿಡುವ ಹೊತ್ತೂ ಸೇರಿ ಪ್ರತಿ ದಿಕ್ಕಿಗೆ 35–40 ನಿಮಿಷಕ್ಕೊಂದು ಗಾಡಿ ಓಡಿಸಬಹುದು. ಬೆಳಗಿನ ದಟ್ಟಣೆಗೆ ಇದು ಸಾಲದು; ಆದ್ದರಿಂದ ಕಿಂಗ್‌ಸ್ಟನ್‌ನಿಂದ ಸ್ಪ್ಯಾನಿಷ್ ಟೌನ್‌ವರೆಗಿನ 19 ಕಿ.ಮೀ.ಗಾದರೂ ಎರಡನೇ ಸಾಲು ಬೇಕು, ನಗರದೊಳಗೆ ಹಳಿ ರಸ್ತೆಯನ್ನು ದಾಟುವ ಕಡೆ ಗೇಟಿನ ಬದಲು ಮೇಲ್ಸೇತುವೆ ಬೇಕು. ಹಣ ಸೀಮಿತವಾಗಿದ್ದರೆ ಅದನ್ನೆಲ್ಲ ಮೊದಲು ಈ 19 ಕಿ.ಮೀ.ಗೆ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.